ಶುಕ್ರವಾರದ ಮಾತು

ದೇಜಪ್ಪ ಮಾತಾಡುತ್ತಿದ್ದದ್ದು ವಾರಕ್ಕೆ ಒಂದೇ ದಿನ, ಶುಕ್ರವಾರ ಮಧ್ಯಾಹ್ನ.

ಉಳಿದ ಆರು ದಿನ ಅವನ ಬಾಯಿಂದ ಬೀಳುತ್ತಿದ್ದದ್ದು ನಾಲ್ಕೈದು ಮಾತು ಅಷ್ಟೇ. ಚಾ ಬೇಕಾ ಎಂದರೆ ಹೂಂ. ಉಪ್ಪು ಸಾಕಾ ಎಂದರೆ ಹೂಂ. ಬಾಗಿಲಲ್ಲಿ ಬೂಟು ಏರಿಸುವಾಗ ಒಂದು "ಬರ್ತೇನೆ". ಇಪ್ಪತ್ತೇಳು ವರ್ಷದಿಂದ ಅವನು ಮಸ್ಕತ್ತಿನ ಒಂದು ಕಂಪೆನಿಯಲ್ಲಿ ಎಸಿಯ ತಗಡಿನ ಕೊಳವೆ ಮಾಡಿಸುವ ಕೆಲಸದಲ್ಲಿದ್ದ, ಈಗ ಫೋರ್‌ಮನ್. ತಗಡು ಕತ್ತರಿಸುವ ಯಂತ್ರದ ಗದ್ದಲದಲ್ಲಿ ಕೈಸನ್ನೆಯಿಂದಲೇ ಕೆಲಸ ಹೇಳಿ ಹೇಳಿ ಈ ಮನುಷ್ಯನಿಗೆ ಮಾತು ಬೇಡವೇ ಆಗಿದೆ ಎಂದು ಕುಸುಮ ಮದುವೆಯಾದ ಹೊಸತರಲ್ಲಿ ಅಂದುಕೊಂಡಿದ್ದಳು. ಆಮೇಲೆ ಅತ್ತೆಯೇ ಹೇಳಿದರು: "ಇವನು ತೊಟ್ಟಿಲಲ್ಲೂ ಅಳ್ತಿರ್ಲಿಲ್ಲ ಮಾರಾಯ್ತಿ. ಹಸಿವಾದ್ರೆ ಸುಮ್ಮನೆ ನೋಡ್ತಿದ್ದ."

ಶುಕ್ರವಾರ ಮಾತ್ರ ಬೇರೆ. ಅವರಿದ್ದ ಅಲ್ ಖೌದ್‌ನ ಬೀದಿ ಜುಮಾ ನಮಾಜಿಗೆಂದು ಖಾಲಿಯಾಗಿ, ಅಂಗಡಿಗಳ ಷಟರ್ ಇಳಿದು, ಎಸಿಯ ಗುಂಯ್ ಎನ್ನುವ ಸದ್ದೊಂದೇ ಉಳಿದಾಗ ದೇಜಪ್ಪ ಸ್ನಾನ ಮುಗಿಸಿ ಅಡಿಗೆಮನೆಯ ಸ್ಟೂಲಿನ ಮೇಲೆ ಬಂದು ಕೂರುತ್ತಿದ್ದ. ಕುಸುಮ ಒಂದು ಸ್ಟೀಲಿನ ಲೋಟಕ್ಕೆ ಬ್ರಾಂಡಿ ಹಾಕಿ ಬಿಸಿನೀರು ಬೆರೆಸಿ ಕೊಡುತ್ತಿದ್ದಳು. ಗಾಜಿನ ಲೋಟದಲ್ಲಿ ಕೊಡುತ್ತಿರಲಿಲ್ಲ. ಕೆಳಗಿನ ಮಹಡಿಯ ನಬೀಸಾ ಯಾವ ಹೊತ್ತಿಗೂ ಬಾಗಿಲು ತಟ್ಟಿ ಬರುವವಳು. ಕುಸುಮ ಒಲೆಯ ಮುಂದೆ ಮೀನು ಹುರಿಯುತ್ತಿದ್ದಾಗ ಅವಳ ಬೆನ್ನಹಿಂದೆ ಅವನ ದನಿ ನಿಧಾನ ಬಿಚ್ಚಿಕೊಳ್ಳುತ್ತಿತ್ತು. ಅಮ್ಮ ಬೀಡಿ ಕಟ್ಟುವಾಗ ತಾನು ಪಕ್ಕದಲ್ಲಿ ಕೂತು ಬೀಡಿಯ ತುದಿ ಮಡಚುತ್ತಿದ್ದದ್ದು, ಸೋದರಮಾವನ ಕೋಳಿ ಅಂಕದ ಕಾಳಗದಲ್ಲಿ ಸೋತಾಗ ಮಾವ ಎರಡು ದಿನ ಊಟ ಬಿಟ್ಟದ್ದು, ಹೊಳೆಯ ಏಡಿಗೆ ಬೆರಳು ಕೊಟ್ಟದ್ದು. ಒಂದು ಪೆಗ್ಗು, ಒಂದು ಗಂಟೆ. ಊಟಕ್ಕೆ ಕೂತರೆ ಮುಗಿಯಿತು. ಮತ್ತೆ ಮುಂದಿನ ಶುಕ್ರವಾರದವರೆಗೆ ಹೂಂ.

ಕುಸುಮ ಆ ಒಂದು ಗಂಟೆಗಾಗಿ ವಾರವಿಡೀ ಕಾಯುತ್ತಿದ್ದಳು. ಮಗಳು ದೀಕ್ಷಿತಾ ಮನೆಯಲ್ಲಿದ್ದಷ್ಟು ದಿನ ಅವಳ ಇಂಗ್ಲಿಷಿನ ವಟವಟ ಇತ್ತು. ಹೋದ ವರ್ಷ ಅವಳು ಫಿಸಿಯೋಥೆರಪಿ ಕಲಿಯಲು ಮಂಗಳೂರಿಗೆ ಹೋದ ಮೇಲೆ ಕುಸುಮಳ ಹೊಲಿಗೆ ಮೆಷಿನ್ನು ಬಿಟ್ಟರೆ ಮಾತಾಡುವವರು ಯಾರೂ ಇರಲಿಲ್ಲ. ಅಲ್ಲದೆ, ಅವಳು ಕಾಯುತ್ತಿದ್ದದ್ದು ಬರೀ ಮಾತಿಗಲ್ಲ. ಒಂದು ವಿಷಯ ಅವಳಿಗೆ ಅವನ ಬಾಯಿಂದಲೇ ಕೇಳಬೇಕಿತ್ತು. ಕೇಳಲು ಇಪ್ಪತ್ತನಾಲ್ಕು ವರ್ಷಗಳಿಂದ ನಾಲಿಗೆ ಎದ್ದಿರಲಿಲ್ಲ.

ದೇಜಪ್ಪ ಗಲ್ಫಿನಿಂದ ಮೊದಲ ಸಲ ರಜೆಯಲ್ಲಿ ಬಂದಾಗ ಅವನ ಸೋದರಮಾವ ಅವನನ್ನು ಹೆಣ್ಣು ನೋಡಲು ಕರೆದುಕೊಂಡು ಬಂದದ್ದು ಕುಸುಮಳ ಮನೆಗೇ. ಆದರೆ ಕುಸುಮಳನ್ನು ನೋಡಲು ಅಲ್ಲ, ದೊಡ್ಡಮ್ಮನ ಮಗಳು ಹರಿಣಾಕ್ಷಿಯನ್ನು ನೋಡಲು. ಎರಡೂ ಸಂಸಾರ ಒಂದೇ ಸೂರಿನಡಿ ಇದ್ದವು. ಹರಿಣಾಕ್ಷಿ ಬೆಳ್ಳಗಿದ್ದಳು, ಪಿಯುಸಿ ಪಾಸಾಗಿದ್ದಳು. ಅಂದು ಶರಬತ್ತಿನ ತಟ್ಟೆ ಹಿಡಿದು ಹೋದವಳು ಅವಳು. ಕುಸುಮ ಒಳಗೆ ಮೊರದ ಮುಂದೆ ಬೀಡಿ ಕಟ್ಟುತ್ತ ಕೂತಿದ್ದಳು. ಹದಿನೈದು ದಿನ ಬಿಟ್ಟು ಮಾವ ಮತ್ತೆ ಬಂದು, ಕುಸುಮಳನ್ನು ಕೊಡುತ್ತೀರಾ ಎಂದು ಕೇಳಿದರು. ಹರಿಣಾಕ್ಷಿಗೆ ಹುಡುಗ ಹಿಡಿಸಲಿಲ್ಲವಂತೆ ಎಂದು ಮನೆಯವರೆಲ್ಲ ಮಾತಾಡಿಕೊಂಡರು. ಮದುವೆಯ ಚಪ್ಪರದಲ್ಲೇ ದೊಡ್ಡಮ್ಮ ನಗುತ್ತ, "ಹರಿಣಾಕ್ಷಿ ಬಿಟ್ಟ ಬಾಳೆಲೆ ಕುಸುಮನಿಗೆ ಸಿಕ್ಕಿತು" ಅಂದಿದ್ದರು. ಮೀನಿನ ಮುಳ್ಳು ಗಂಟಲಲ್ಲಿ ನಿಂತ ಹಾಗೆ ಆ ಮಾತು ನಿಂತಿತ್ತು. ಅನ್ನದ ಉಂಡೆ ನುಂಗಿದರೂ ಇಳಿಯದ ಮುಳ್ಳು. ಪ್ರತಿ ಶುಕ್ರವಾರವೂ ಅವನ ಕಥೆ ಆ ವರ್ಷದ ಹತ್ತಿರ ಬಂದಾಗ ಕುಸುಮ ಗ್ಯಾಸು ಸಣ್ಣದು ಮಾಡುತ್ತಿದ್ದಳು, ಎಣ್ಣೆಯ ಚಟಪಟದಲ್ಲಿ ಒಂದು ಅಕ್ಷರವೂ ತಪ್ಪಿಹೋಗಬಾರದೆಂದು. ಕಥೆ ಪ್ರತಿ ಸಲ ಬೇರೆ ದಾರಿ ಹಿಡಿಯುತ್ತಿತ್ತು.

ಏಳು ವಾರದ ಹಿಂದೆ ದೇಜಪ್ಪನ ಬೆನ್ನಿನ ಆಪರೇಷನ್ ಆಯಿತು. ಮೂಳೆಗಳ ನಡುವಿನ ಡಿಸ್ಕು ಜಾರಿ ನರವನ್ನು ಒತ್ತುತ್ತಿತ್ತು. ಆಸ್ಪತ್ರೆಯಲ್ಲಿ ಫಾರಮು ತುಂಬುವಾಗ ನರ್ಸು ಹಿಂದಿಯಲ್ಲಿ ಕೇಳಿದಳು, "ಶರಾಬ್ ಪೀತೇ ಹೈಂ?"

"ನೋ, ನೋ," ಅಂದ ದೇಜಪ್ಪ.

ಪಕ್ಕದಲ್ಲಿದ್ದ ಕುಸುಮಳೂ ತಲೆಯಾಡಿಸಿದಳು. ಸುಳ್ಳು ಹೇಳಿದೆವೆಂದು ಇಬ್ಬರಿಗೂ ಅನಿಸಲಿಲ್ಲ. ಕುಡಿಯುವವನು ಎಂದರೆ ಅವರ ಲೆಕ್ಕದಲ್ಲಿ ಸಾರಾಯಿ ಅಂಗಡಿಯ ಮುಂದೆ ಲುಂಗಿಯ ಪರಿವೆ ಇಲ್ಲದೆ ಬಿದ್ದವನು. ಬ್ರಾಂಡಿ ಎಂದರೆ ಮದ್ದು. ದೀಕ್ಷಿತಾ ಹುಟ್ಟಿದಾಗ ಅಮ್ಮ ನಲವತ್ತು ದಿನ ಕುಸುಮಳಿಗೆ ಹಸಿ ಮೊಟ್ಟೆಯಲ್ಲಿ ಬ್ರಾಂಡಿ ಕಲಸಿ ಕುಡಿಸಿದ್ದಳು. ಬಾಣಂತಿಯ ಸೊಂಟ ಗಟ್ಟಿಯಾಗುವುದೇ ಅದರಿಂದ ಎಂದು ಊರಿನ ಸೂಲಗಿತ್ತಿಯೂ ಹೇಳಿದ್ದಳು. ಶೀತಕ್ಕೆ ಬ್ರಾಂಡಿ, ಮೈಕೈ ನೋವಿಗೆ ಬ್ರಾಂಡಿ. ಅದನ್ನು ಯಾರಾದರೂ ಫಾರಮಿನಲ್ಲಿ ಬರೆಸುತ್ತಾರೆಯೇ?

ಡಿಸ್ಚಾರ್ಜು ಆಗುವಾಗ ನೋವಿಗೆ ಒಂದು ಜೋರಿನ ಮಾತ್ರೆ ಕೊಟ್ಟರು. ಫಾರ್ಮಸಿಯವನು ರೆಸಿಡೆಂಟ್ ಕಾರ್ಡು ನೋಡಿ, ಪ್ರತಿ ಇಟ್ಟುಕೊಂಡು, ಸಹಿ ಹಾಕಿಸಿಯೇ ಕೊಟ್ಟದ್ದು. ಬೆಳಿಗ್ಗೆ ಒಂದು, ರಾತ್ರಿ ಒಂದು. ಡಬ್ಬಿಯ ಮೇಲೆ ಬಾಟಲಿಯ ಚಿತ್ರಕ್ಕೆ ಅಡ್ಡಗೆರೆ ಎಳೆದ ಒಂದು ಸಣ್ಣ ಸ್ಟಿಕ್ಕರು ಇತ್ತು. ಕುಸುಮ ಅದನ್ನು ನೋಡಿದ್ದಳು. ಕಷಾಯವನ್ನೂ ಇಂಗ್ಲಿಷ್ ಮದ್ದನ್ನೂ ಒಟ್ಟಿಗೆ ಕುಡಿಯಬಾರದು, ನಡುವೆ ಒಂದು ಗಂಟೆ ಬಿಡಬೇಕು ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು. ಇದೂ ಅಂಥದ್ದೇ ಎಂದುಕೊಂಡಳು. ಪಥ್ಯದಲ್ಲಿ ಅವಳು ಕಟ್ಟುನಿಟ್ಟು. ಗಾಯ ಕೀವಾಗುತ್ತದೆ, ನಂಜು ಎಂದು ಬದನೆ, ಬಂಗುಡೆ, ಸಿಹಿಗುಂಬಳ ಏಳು ವಾರ ಆ ಮನೆಯ ಹೊಸ್ತಿಲು ದಾಟಿರಲಿಲ್ಲ.

ಮಾತ್ರೆ ನೋವನ್ನು ಇಳಿಸಿತು. ಜೊತೆಗೆ ದೇಜಪ್ಪನನ್ನೂ ಎಲ್ಲೋ ಇಳಿಸಿಬಿಟ್ಟಿತು. ಕಿಟಕಿಯ ಬಳಿಯ ಮಂಚದಲ್ಲಿ ದಿಂಬಿಗೆ ಒರಗಿ ಕೂತು ಎದುರಿನ ಕಟ್ಟಡದ ನೀರಿನ ಟ್ಯಾಂಕನ್ನೇ ನೋಡುತ್ತಿರುತ್ತಿದ್ದ. ಹೂಂ ಎನ್ನುವುದನ್ನೂ ಬಿಟ್ಟಿದ್ದ. ಮೊದಲಿನ ಅವನ ಮೌನಕ್ಕೆ ಕುಸುಮ ಹೊಂದಿಕೊಂಡಿದ್ದಳು; ಅದರಲ್ಲಿ ಕಿವಿಗೊಟ್ಟು ಕೂತ ಒಬ್ಬ ಮನುಷ್ಯನಿದ್ದ. ಈ ಮೌನ ಬಾಡಿಗೆಯವರು ಬಿಟ್ಟುಹೋದ ಕೋಣೆಯ ಹಾಗಿತ್ತು. ಏಳು ಶುಕ್ರವಾರ ಹೀಗೇ ಹೋದವು. ಮೀನು ಹುರಿಯುವಾಗ ಹಿಂದೆ ತಿರುಗಿದರೆ ಸ್ಟೂಲು ಖಾಲಿ.

ಗುರುವಾರ ಸಂಜೆ ಕ್ಯಾಸ್ಮಿರ್ ನೋಡಲು ಬಂದ. ಬಜ್ಪೆಯವನು, ಅದೇ ಕಂಪೆನಿಯ ಸ್ಟೋರ್‌ಕೀಪರ್. ಅಲ್ಲಿ ಮದ್ಯ ಕೊಳ್ಳಲು ಬೇಕಾದ ಲಿಕ್ಕರ್ ಪರ್ಮಿಟ್ ಇದ್ದದ್ದು ಅವನ ಹೆಸರಿನಲ್ಲಿ. ದೇಜಪ್ಪನ ತಿಂಗಳ ಬಾಟಲಿಯನ್ನು ತರುತ್ತಿದ್ದವನೂ ಅವನೇ.

"ಎಂತದು ದೇಜಪ್ಪಣ್ಣ, ನೀವಿಲ್ಲದೆ ವರ್ಕ್‌ಶಾಪಿನಲ್ಲಿ ಗಲಾಟೆಯೋ ಗಲಾಟೆ," ಎಂದು ಜೋಕು ಮಾಡಿದ. ದೇಜಪ್ಪ ನಗಲಿಲ್ಲ. ಕ್ಯಾಸ್ಮಿರ್ ಅಡಿಗೆಮನೆಗೆ ಬಂದು ದನಿ ತಗ್ಗಿಸಿದ. "ಕುಸುಮಕ್ಕ, ಇವರು ಹೀಗೇ ಕೂತಿರ್ತಾರಾ ಇಡೀ ದಿನ?"

"ಏಳು ವಾರ ಆಯ್ತು. ಗೋಡೆಯಾದ್ರೂ ಪ್ರತಿಧ್ವನಿ ಕೊಡ್ತದೆ."

ಅವನು ಸುತ್ತಿದ ಪೇಪರಿನ ಪೊಟ್ಟಣವನ್ನು ಅಕ್ಕಿ ಡಬ್ಬಿಯ ಪಕ್ಕ ಇಟ್ಟ. "ತಿಂಗಳಿನದ್ದು. ಬೇಕಾದ್ರೆ ಇರ್ಲಿ. ಡಾಕ್ಟರು ಎಂತಾದ್ರೂ ಹೇಳಿದ್ದಾರಾ?"

"ಮಾತ್ರೆಯೊಟ್ಟಿಗೆ ಬೇಡ ಅಂತ ಡಬ್ಬಿಯಲ್ಲಿ ಉಂಟು."

"ಒಟ್ಟಿಗೆ ಯಾರು ತಗೊಳ್ತಾರೆ ಮಾರಾಯ್ರೆ? ಬೆಳಿಗ್ಗೆ ಅದು, ಮಧ್ಯಾಹ್ನ ಇದು. ಗ್ಯಾಪ್ ಬಿಡಿ, ಖಲಾಸ್."

ಕುಸುಮಳಿಗೂ ಬೇಕಾಗಿದ್ದದ್ದು ಅದೇ ಉತ್ತರ.

ಮರುದಿನ ಬೆಳಿಗ್ಗೆ ದೇಜಪ್ಪನಿಗೆ ನೋವು ಹೆಚ್ಚಿತ್ತು. ಎಂಟು ಗಂಟೆಗೆ ಒಂದರ ಬದಲು ಎರಡು ಮಾತ್ರೆ ಕೊಡು ಎಂದು ಕೈಬೆರಳು ತೋರಿಸಿದ. ಕೊಟ್ಟಳು. ಹನ್ನೆರಡೂವರೆಗೆ ಬೀದಿಯ ಸದ್ದು ಅಡಗಿತು. ಎಂಟರಿಂದ ಹನ್ನೆರಡೂವರೆ, ನಾಲ್ಕೂವರೆ ಗಂಟೆ. ಕಷಾಯಕ್ಕೆ ಬಿಡುವ ಒಂದು ಗಂಟೆಯ ಎದುರು ಇದು ಎಷ್ಟೋ ಹೆಚ್ಚಾಯಿತು. ಅವಳು ಲೋಟವನ್ನು ತೊಳೆದಳು. ಬ್ರಾಂಡಿ ಹಾಕಿ, ಬಿಸಿನೀರು ಬೆರೆಸಿ ಕಿಟಕಿಯ ಬಳಿ ಒಯ್ದಳು. ಅವನು ಕೇಳಿರಲಿಲ್ಲ. ಲೋಟವನ್ನು ನೋಡಿದ, ಅವಳನ್ನು ನೋಡಿದ.

"ಬೆನ್ನಿಗೆ ಒಳ್ಳೇದು," ಅಂದಳು.

ಅರ್ಧ ಲೋಟ ಮುಗಿಯುವಷ್ಟರಲ್ಲಿ ಅವನ ಹುಬ್ಬಿನ ಗಂಟು ಸಡಿಲವಾಯಿತು. "ಮೀನು ಇಲ್ವಾ ಇವತ್ತು?" ಅಂದ.

ಏಳು ವಾರಗಳಲ್ಲಿ ಅವನು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ಕುಸುಮ ಒಲೆಯ ಕಡೆ ಹೋಗಲಿಲ್ಲ. ಮೀನು ಆಮೇಲೆ ಆದರಾಯಿತು ಎಂದು ಮಂಚದ ಅಂಚಿನಲ್ಲಿ ಕೂತಳು. ಅವನು ಅಮ್ಮನ ಬೀಡಿಯ ವಿಷಯ ತೆಗೆದ. ಎಷ್ಟೋ ಸಲ ಕೇಳಿದ್ದೇ. ಆದರೆ ಇವತ್ತು ಕಥೆ ಅವನ ಬಾಲ್ಯದಲ್ಲಿ ನಿಲ್ಲದೆ ಮುಂದೆ ಸಾಗಿತು.

"ಮೊದಲ ರಜೆಯಲ್ಲಿ ಬಂದಿದ್ದೆನಲ್ಲ, ಅಮ್ಮನಿಗೆ ಜ್ವರ. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ನೀನೇ ಕೊಟ್ಟು ಬಾ ಅಂದ್ರು. ಕೈಯಲ್ಲಿ ಗಲ್ಫಿನ ವಾಚು, ತಲೆ ಮೇಲೆ ಬೀಡಿಯ ಬುಟ್ಟಿ. ನಾಚಿಕೆ ಅಂದ್ರೆ ನಾಚಿಕೆ. ಹೆಂಗಸರ ಸಾಲಿನ ಹಿಂದೆ ಹೋಗಿ ನಿಂತೆ."

"ಯಾವ ಬ್ರಾಂಚು?" ಕುಸುಮಳ ದನಿ ಅವಳಿಗೇ ಕೇಳಿಸಲಿಲ್ಲ.

"ನಿಮ್ಮದೇ. ಎದುರಿಗೆ ಒಬ್ಬಳು ಹುಡುಗಿ. ಬ್ರಾಂಚಿನವನು ಅವಳ ಕಟ್ಟು ಕಳಪೆ ಅಂತ ಆಚೆ ಎಸೆದ. ಅವಳು ಬಿಡ್ಲಿಲ್ಲ. ಕಟ್ಟು ಹೆಕ್ಕಿ ತಂದು ಅವನ ಮೇಜಿನ ಮೇಲೆ ಬಿಚ್ಚಿದಳು. ‘ಒಂದೊಂದೇ ತೋರಿಸಿ, ಯಾವುದು ಕಳಪೆ ಅಂತ. ಕಾಣದಿದ್ರೆ ಕಣ್ಣಿಗೆ ಎಣ್ಣೆ ಬಿಟ್ಕೊಳ್ಳಿ’ ಅಂದಳು." ಅವನು ನಕ್ಕ. ಹೊಟ್ಟೆಯಿಂದ ಬಂದ ನಗು, ಬೆನ್ನು ನೋಯುವ ಹಾಗೆ. "ಎಲ್ಲ ಹೆಂಗಸರೂ ನಕ್ಕರು. ನಾನೂ ನಕ್ಕೆ. ನೀನು ತಿರುಗಿ ನೋಡಿದಿ."

ಕುಸುಮಳಿಗೆ ಜಗಳದ ನೆನಪಿತ್ತು. ಹಿಂದೆ ನಕ್ಕ ಗಂಡಸಿನ ನೆನಪು ಇರಲಿಲ್ಲ.

"ಮತ್ತೆ?"

ಅವನ ರೆಪ್ಪೆ ಬಾಗುತ್ತಿತ್ತು. ಲೋಟ ಖಾಲಿ. ಮಾತು ಅಲ್ಲೇ ನಿಂತಿತ್ತು. ಅವನು ಮಲಗಿಬಿಟ್ಟರೆ ಈ ಬಾಗಿಲು ಮತ್ತೆ ಯಾವಾಗ ತೆರೆಯುತ್ತದೋ ಯಾರು ಬಲ್ಲರು. ಕುಸುಮ ಎದ್ದು ಅಡಿಗೆಮನೆಗೆ ಹೋದಳು. ಅವನು ಕೇಳಲಿಲ್ಲ, ಬೇಡವೆನ್ನಲೂ ಇಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳು ಎರಡನೇ ಲೋಟ ತುಂಬಿಸಿದಳು.

ಅವನು ಅದನ್ನು ಎರಡು ಗುಟುಕಿನಲ್ಲಿ ಮುಗಿಸಿದ. ನಾಲಿಗೆ ದಪ್ಪವಾಗಿತ್ತು, ಮಾತು ಎಳೆಯುತ್ತಿತ್ತು. "ಮಾವ ಹರಿಣಾಕ್ಷಿಯನ್ನು ನೋಡ್ಲಿಕ್ಕೆ ಅಂತ ಕರ್ಕೊಂಡು ಬಂದ್ರು. ನಾನು ಬಂದದ್ದು ಅದಕ್ಕಲ್ಲ. ಆ ಮನೆಗೆ ಬಂದ್ರೆ ನೀನು ಕಾಣ್ಲಿಕ್ಕೆ ಸಿಗ್ತಿ ಅಂತ. ನೀನು ಹೊರಗೇ ಬರ್ಲಿಲ್ಲ. ಹದಿನೈದು ದಿನ ಮಾವನ ಹತ್ರ ಹೇಳ್ಲಿಕ್ಕೆ ಧೈರ್ಯ ಇಲ್ಲ ನನಗೆ..."

ಕುಸುಮ ಅವನ ಅಂಗೈ ಹಿಡಿದಳು. ಗಂಟಲಿನ ಮುಳ್ಳು ಕರಗಿ ಕಣ್ಣಿಗೆ ಬಂದಿತ್ತು. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ? ಇವರೇ? ಯಾಕೆ ಹೇಳ್ಲಿಲ್ಲ?"

"ಅದು..." ಅಂದ ದೇಜಪ್ಪ. ಮುಂದಿನದ್ದು ಬರಲಿಲ್ಲ. ತಲೆ ದಿಂಬಿಗೆ ವಾಲಿತು.

ಅವನು ನಿದ್ದೆ ಹೋದ. ಏಳು ವಾರದಿಂದ ನೋವಿಗೆ ಹೊರಳಾಡುತ್ತಿದ್ದವನು ಗೊರಕೆ ಹೊಡೆಯುತ್ತ ಮಲಗಿದ್ದು ನೋಡಿ ಕುಸುಮಳಿಗೆ ಸಮಾಧಾನವೇ ಆಯಿತು. ಮಲಗಲಿ, ಸಂಜೆ ಚಾ ಕೊಡುವಾಗ ಉಳಿದದ್ದು ಕೇಳಿದರಾಯಿತು. ಅವಳು ಲೋಟ ತೊಳೆದು ಮಗುಚಿಟ್ಟಳು. ಮತ್ತೆ ಬಂದು ಪಕ್ಕದಲ್ಲಿ ಕೂತಳು. ಬೀಡಿ ಬ್ರಾಂಚಿನ ಆ ಸಾಲಿನಲ್ಲಿ ಇಪ್ಪತ್ತೈದರ ಹುಡುಗನೊಬ್ಬನನ್ನು ನಿಲ್ಲಿಸಿ, ತಾನು ತಿರುಗಿ ನೋಡುವುದನ್ನು ಮತ್ತೆ ಮತ್ತೆ ಕಲ್ಪಿಸಿಕೊಂಡಳು. ಅರ್ಧ ಗಂಟೆ ಹೀಗೆ ಹೋಗಿರಬೇಕು. ಅವಳ ಬದುಕಿನಲ್ಲಿ ಅಷ್ಟು ಸುಖದ ಅರ್ಧ ಗಂಟೆ ಹೆಚ್ಚು ಇರಲಿಲ್ಲ. ಪಕ್ಕದಲ್ಲಿ ಗೊರಕೆಯ ನಡುವಿನ ಅಂತರ ಉದ್ದವಾಗುತ್ತಿದ್ದದ್ದು ಅವಳ ಕಿವಿಗೆ ಬೀಳಲೇ ಇಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. ನಬೀಸಾ ತುಪ್ಪದ ಅನ್ನದ ತಟ್ಟೆ ಹಿಡಿದು ನಿಂತಿದ್ದಳು.

"ಕುಸುಮಕ್ಕ, ನಮ್ಮನೆಯವರು ಮಸೀದಿಯಿಂದ ಬಂದ್ರು, ಬಿಸಿ ಉಂಟು ತಗೊಳ್ಳಿ. ದೇಜಪ್ಪಣ್ಣನಿಗೆ ಖಾರ ಹಾಕ್ಲಿಲ್ಲ." ಅವಳು ಒಳಗೆ ಇಣುಕಿದಳು. "ಮಲಗಿದ್ದಾರಾ?"

"ಇವತ್ತು ಒಳ್ಳೆ ನಿದ್ದೆ."

ನಬೀಸಾ ತಟ್ಟೆ ಹಿಡಿದೇ ಕಿವಿಗೊಟ್ಟಳು. ದೇಜಪ್ಪನ ಗಂಟಲಿನಿಂದ ಕೊಳವೆಯಲ್ಲಿ ನೀರು ಸಿಕ್ಕಿಕೊಂಡ ಹಾಗೆ ಗೊರ್ ಎಂಬ ಸದ್ದು ಬಂತು. ಆಮೇಲೆ ಏನೂ ಇಲ್ಲ. ತುಂಬ ಹೊತ್ತು ಏನೂ ಇಲ್ಲ. ಮತ್ತೆ ಒಂದು ಗೊರ್.

"ಇದು ನಿದ್ದೆಯಾ ಕುಸುಮಕ್ಕ?" ತಟ್ಟೆ ಇಟ್ಟು ಹತ್ತಿರ ಹೋದಳು. "ಅಲ್ಲಾಹನೇ, ತುಟಿ ನೋಡಿ. ನೇರಳೆ ತಿಂದ ಹಾಗೆ ಉಂಟು."

ಕುಸುಮ ಅವನ ಭುಜ ಹಿಡಿದು ಅಲುಗಾಡಿಸಿದಳು. ಮೈ ತಣ್ಣಗಿತ್ತು, ಬೆವರಿತ್ತು. "ಇವರೇ, ಏಳಿ. ಇವರೇ!" ತಲೆ ಗೊಂಬೆಯ ತಲೆಯ ಹಾಗೆ ಅತ್ತಿತ್ತ ವಾಲಿತು. ರೆಪ್ಪೆ ಎತ್ತಿದರೆ ಕಣ್ಣಿನ ಕಪ್ಪು ಸೂಜಿಯ ಮೊನೆಯಷ್ಟು.

ನಬೀಸಾ ಮೆಟ್ಟಿಲಿನ ತುದಿಯಿಂದ ಗಂಡನನ್ನು ಕೂಗಿದಳು. ಶರ್ಫುದ್ದೀನ್ ನಮಾಜಿನ ಟೊಪ್ಪಿಯಲ್ಲೇ ಎರಡೆರಡು ಮೆಟ್ಟಿಲು ಹಾರಿ ಬಂದ. ಅದೇ ಬೀದಿಯಲ್ಲಿ ಮೊಬೈಲ್ ಅಂಗಡಿ ಇಟ್ಟವನು, ಅರಬಿಯನ್ನು ನೀರು ಕುಡಿದ ಹಾಗೆ ಮಾತಾಡುವವನು. ನೋಡಿದವನೇ ಆಂಬುಲೆನ್ಸಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿಟ್ಟ. ಆ ಕಡೆಯಿಂದ ಒಬ್ಬಳು ಹೆಂಗಸು ಒಂದೊಂದೇ ಕೇಳುತ್ತ ಹೋದಳು, ಶರ್ಫುದ್ದೀನ್ ತಿರುಗಿ ಕುಸುಮಳಿಗೆ ಹೇಳುತ್ತ ಹೋದ.

"ಯಾವ ಮದ್ದು ತಗೊಂಡಿದ್ದಾರೆ?"

ಕುಸುಮ ಡಬ್ಬಿ ತಂದು ಕೊಟ್ಟಳು. ಅವನು ಹೆಸರು ಓದಿದ.

"ಎಷ್ಟು?"

"ಎರಡು. ಬೆಳಿಗ್ಗೆ ಎಂಟಕ್ಕೆ."

"ಅದು ಬಿಟ್ಟು ಬೇರೆ ಎಂತಾದ್ರೂ?"

ಕುಸುಮ ಅಡಿಗೆಮನೆಯ ಕಡೆ ನೋಡಿದಳು.

ಎದುರಿಗೆ ನಮಾಜಿನಿಂದ ಬಂದ ಮನುಷ್ಯ. ಹದಿನಾಲ್ಕು ವರ್ಷಗಳಿಂದ ಒಂದೇ ಕಟ್ಟಡದಲ್ಲಿ ಇದ್ದವರು, ದೀಕ್ಷಿತಾಳನ್ನು ಎತ್ತಿ ಆಡಿಸಿದವರು. ಪರ್ಮಿಟ್ ಇರುವುದು ಕ್ಯಾಸ್ಮಿರನ ಹೆಸರಿನಲ್ಲಿ. ಪೊಲೀಸರು ಬಂದರೆ? ವೀಸಾ ಹೋದರೆ? ಆಸ್ಪತ್ರೆಯ ಫಾರಮಿನಲ್ಲಿ ಇಲ್ಲ ಎಂದು ಬರೆಸಿದ್ದಾಗಿದೆ. ಮದ್ದು ಹೇಳಿಯಾಯಿತಲ್ಲ, ಅಷ್ಟು ಸಾಲದೇ? ಫೋನಿನ ಹೆಂಗಸು ಮತ್ತೆ ಏನೋ ಕೇಳಿದಳು. ಮಂಚದ ಮೇಲಿನ ಎದೆ ಏಳಲಿಲ್ಲ. ಕುಸುಮ ಅದು ಏಳುವುದನ್ನೇ ಕಾದಳು. ಇಷ್ಟು ವರ್ಷ ಅವನ ಮಾತಿಗೆ ಕಾದವಳಿಗೆ, ಬರೀ ಒಂದು ಉಸಿರಿಗೆ ಕಾಯುವುದು ಏನೆಂದು ಆಗ ತಿಳಿಯಿತು.

"ಬ್ರಾಂಡಿ," ಅಂದಳು. "ನಾನೇ ಹಾಕಿ ಕೊಟ್ಟದ್ದು. ಎರಡು ಲೋಟ. ಅವರು ಕೇಳ್ಲಿಲ್ಲ. ನಾನೇ ಕೊಟ್ಟದ್ದು."

ಶರ್ಫುದ್ದೀನ್ ಮುಖ ಎತ್ತಲಿಲ್ಲ. ಅದನ್ನೂ ಹಿಂದಿನದ್ದರ ಹಾಗೆಯೇ ಅರಬಿಯಲ್ಲಿ ಹೇಳಿದ. ಫೋನಿನ ದನಿ ಒಮ್ಮೆಗೇ ಚುರುಕಾಯಿತು. ಪಕ್ಕಕ್ಕೆ ಮಲಗಿಸಿ, ಗಲ್ಲ ಮೇಲೆತ್ತಿ, ನಿದ್ದೆಗೆ ಬಿಡಬೇಡಿ. ಎದೆಯ ನಡುವಿನ ಮೂಳೆಯನ್ನು ಬೆರಳಗಂಟಿನಿಂದ ಗಟ್ಟಿಯಾಗಿ ತಿಕ್ಕಿ. ಉಸಿರು ಎಣಿಸಿ. ನಬೀಸಾ ಎಣಿಸಿದಳು, ತನ್ನ ಬ್ಯಾರಿ ಭಾಷೆಯಲ್ಲಿ, ಜೋರಾಗಿ. ಕುಸುಮ ಎದೆ ತಿಕ್ಕಿದಳು, ಕೂಗಿದಳು. "ಏಳಿ, ಉಸಿರು ತೆಗೀರಿ. ಮಾತು ಬೇಡ. ಎಂತದೂ ಹೇಳುವುದು ಬೇಡ. ಉಸಿರು ತೆಗೀರಿ." ನಿಮಿಷಕ್ಕೆ ನಾಲ್ಕು, ಐದು. ಪ್ರತಿಯೊಂದೂ ಹೊರಗಿನಿಂದ ಎಳೆದು ತಂದ ಹಾಗೆ ಬರುತ್ತಿತ್ತು.

ಆಂಬುಲೆನ್ಸಿನವರು ಬಂದು ಮೂಗಿಗೆ ಆಕ್ಸಿಜನ್ ಹಿಡಿದು ಒಂದು ಇಂಜೆಕ್ಷನ್ ಕೊಟ್ಟರು. ಎರಡು ನಿಮಿಷದಲ್ಲಿ ದೇಜಪ್ಪ ಬಾವಿಯಿಂದ ಎತ್ತಿದವನಂತೆ ಏದುಸಿರು ಬಿಟ್ಟು ಕಣ್ಣು ತೆರೆದ. ಮರುಕ್ಷಣ ಬೆನ್ನಿನ ನೋವಿಗೆ ಚೀರಿದ. ಆ ಚೀರಾಟ ಕೇಳಿ ಕುಸುಮ ನೆಲದ ಮೇಲೆ ಕೂತುಬಿಟ್ಟಳು.

ಆಸ್ಪತ್ರೆಯಲ್ಲಿ ಮತ್ತೆರಡು ಸಲ ಅದೇ ಇಂಜೆಕ್ಷನ್ ಕೊಡಬೇಕಾಯಿತು, ಆಮೇಲೆ ಡ್ರಿಪ್ಪಿನಲ್ಲಿ ಹಾಕಿದರು. ಎಚ್ಚರವಾದವನು ಯಾಕೆ ಮತ್ತೆ ಜಾರುತ್ತಾನೆ ಎಂದು ಕುಸುಮ ಕೇಳಿದಳು. ಡ್ಯೂಟಿಯಲ್ಲಿದ್ದದ್ದು ಕೇರಳದ ಒಬ್ಬ ಲೇಡಿ ಡಾಕ್ಟರು. ಹಿಂದಿ, ಮಲಯಾಳ ಬೆರೆಸಿ ನಿಧಾನವಾಗಿ ಹೇಳಿದರು. ಇದು ಅಫೀಮಿನ ಕುಲದ ಮದ್ದು. ಅದರಲ್ಲೂ ಈ ಮಾತ್ರೆ ಹೊಟ್ಟೆಯಲ್ಲಿ ಹನ್ನೆರಡು ಗಂಟೆ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಬೆಳಿಗ್ಗೆ ನುಂಗಿದ್ದು ಮಧ್ಯಾಹ್ನವೂ ಮೈಯಲ್ಲಿರುತ್ತದೆ, ಸಂಜೆಯೂ ಇರುತ್ತದೆ. ಇಂಜೆಕ್ಷನ್ನಿನ ಶಕ್ತಿ ಬೇಗ ಮುಗಿಯುತ್ತದೆ, ಮಾತ್ರೆಯದ್ದು ಮುಗಿಯುವುದಿಲ್ಲ. ಮದ್ಯ ಬಿದ್ದರೆ ಎರಡೂ ಸೇರಿ ಉಸಿರಾಡು ಎಂದು ಮೆದುಳು ಹೇಳುವುದನ್ನೇ ಅಡಗಿಸುತ್ತವೆ. ಗಂಟೆ ಲೆಕ್ಕ ಹಾಕಿ ತಪ್ಪಿಸಿಕೊಳ್ಳುವ ಹಾಗಿಲ್ಲ.

"ಫೈಲಿನಲ್ಲಿ ಕುಡಿಯುವುದಿಲ್ಲ ಅಂತ ಯಾಕೆ ಬರೆಸಿದಿರಿ?"

ಕುಸುಮ ಬಾಣಂತಿಯ ಬ್ರಾಂಡಿಯ ವಿಷಯ ಹೇಳಿದಳು. ಹೇಳುತ್ತ ಹೇಳುತ್ತ ಅದು ಎಷ್ಟು ಸಣ್ಣದಾಗಿ ಕೇಳಿಸುತ್ತದೆಂದು ನಾಚಿದಳು. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. "ನನ್ನ ಅಜ್ಜಿಯೂ ಹಾಗೇ," ಅಂದರು. "ನೀವು ಫೋನಿನಲ್ಲಿ ಮುಚ್ಚಿಟ್ಟಿದ್ದರೆ ನಾವು ಬೇರೆಲ್ಲೋ ಹುಡುಕುತ್ತ ಇರುತ್ತಿದ್ದೆವು. ಇನ್ನು ಈ ಮಾತ್ರೆ ಇರುವಷ್ಟು ದಿನ ಒಂದು ಹನಿಯೂ ಇಲ್ಲ. ಒಂದು ಹೊತ್ತಿಗೆ ಮಾತ್ರೆ ಒಂದು ಅಂದರೆ ಒಂದೇ."

ಹೊರಗೆ ಬೆಂಚಿನ ಮೇಲೆ ಶರ್ಫುದ್ದೀನ್, ನಬೀಸಾ ಕೂತಿದ್ದರು. ಕುಸುಮ ಅವರ ಮುಂದೆ ತಲೆ ತಗ್ಗಿಸಿ ನಿಂತಳು. "ಶರ್ಫಾಕ, ನಿಮ್ಮ ಎದುರು ಇಂಥದ್ದು..."

"ಎಂಥದ್ದು? ಬ್ರಾಂಡಿಯಾ?" ಶರ್ಫುದ್ದೀನ್ ಟೊಪ್ಪಿ ತೆಗೆದು ಮಡಚಿದ. "ಹತ್ತು ವರ್ಷದಿಂದ ಗೊತ್ತುಂಟು ನಮಗೆ. ಶುಕ್ರವಾರ ಮಧ್ಯಾಹ್ನ ಮಾತ್ರ ದೇಜಪ್ಪಣ್ಣ ಮೆಟ್ಟಿಲಲ್ಲಿ ಸಿಕ್ಕಿದ್ರೆ ನನ್ನ ಹತ್ರ ಹವಾಮಾನ ಮಾತಾಡ್ತಾರೆ. ಉಳಿದ ದಿನ ಸಲಾಂ ಹೇಳಿದ್ರೂ ಹೂಂ."

"ಮೂಗು ಇಲ್ವಾ ನಮಗೆ?" ಅಂದಳು ನಬೀಸಾ. "ಆ ವಾಸನೆ ಅಡಗಿಸ್ಲಿಕ್ಕೆ ನೀವು ಊದುಬತ್ತಿ ಹಚ್ತೀರಲ್ಲ, ಕೆಮ್ಮು ಬರುವುದು ಅದಕ್ಕೆ."

ಕುಸುಮ ನಗಲು ಹೋಗಿ ಅತ್ತಳು. ನಬೀಸಾ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

ಶನಿವಾರ ಮಧ್ಯಾಹ್ನ ದೇಜಪ್ಪನನ್ನು ವಾರ್ಡಿಗೆ ಹಾಕಿದರು. ಅವನಿಗೆ ಹಿಂದಿನ ದಿನ ಬೆಳಿಗ್ಗೆ ಮಾತ್ರೆ ನುಂಗಿದ ಮೇಲಿನದ್ದು ಏನೂ ನೆನಪಿರಲಿಲ್ಲ. ಲೋಟ ಕಂಡದ್ದು ಮಸುಕು ಮಸುಕು. ಮೀನು ಕೇಳಿದ್ದು, ನಕ್ಕದ್ದು, ಬೀಡಿ ಬ್ರಾಂಚು, ಏನೂ ಇಲ್ಲ.

"ಏನಾದ್ರೂ ಹೇಳಿದೆನಾ?" ಎಂದು ಕೇಳಿದ.

ಕುಸುಮ ಅವನ ಮುಖ ನೋಡಿದಳು. ಹೇಳಿದರೆ, ಅದು ಅಮಲಿನ ಮಾತು ಎಂದು ಅವನು ತಳ್ಳಿಹಾಕಬಹುದು. ಅಮಲಿನ ಮಾತೇ ಆಗಿರಲೂಬಹುದು. ಮೆದುಳು ಉಸಿರನ್ನೇ ಮರೆಯುತ್ತಿದ್ದಾಗ ಹುಟ್ಟಿಸಿಕೊಂಡದ್ದು ಯಾವುದು, ನಡೆದದ್ದು ಯಾವುದು ಎಂದು ಯಾರು ಬಿಡಿಸಿ ಹೇಳುತ್ತಾರೆ? ಕೇಳಿದವಳು ಅವಳೊಬ್ಬಳೇ. ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಇನ್ನೂ ಅಲ್ಲೇ ಇತ್ತು. ಅದಕ್ಕೆ ಉತ್ತರ ಬರಿಸುವ ದಾರಿ ಅವಳಿಗೆ ಗೊತ್ತಿದ್ದದ್ದು ಒಂದೇ.

ಅವಳು ವಾರ್ಡಿನ ಹೊರಗೆ ಬಂದು ಕ್ಯಾಸ್ಮಿರನಿಗೆ ಫೋನ್ ಮಾಡಿದಳು. ನಡೆದದ್ದನ್ನು ಬಿಡಿಸಿ ಹೇಳಿದಳು. ಆ ಕಡೆ ಅವನು "ಜೇಸು, ಜೇಸು" ಎನ್ನುತ್ತಿದ್ದ. "ನಾನೇ ಗ್ಯಾಪ್ ಬಿಡಿ ಅಂತ ಹೇಳಿದ್ದು ಕುಸುಮಕ್ಕ. ನನ್ನ ತಪ್ಪು."

"ನೀನು ಹೇಳಿದಿ, ನಾನು ಕೇಳಿದೆ. ತಪ್ಪು ಹಂಚಿಕೊಳ್ಳುವಾ," ಅಂದಳು. "ಇನ್ನು ನಮ್ಮ ಮನೆಗೆ ತರ್ಬೇಡ. ಮಾತ್ರೆ ನಿಂತ ಮೇಲೂ ಬೇಡ."

"ಮಾತ್ರೆ ನಿಂತ ಮೇಲೆ ಒಂದು ಪೆಗ್ಗು ಪರವಾ ಇಲ್ವಲ್ಲ? ದೇಜಪ್ಪಣ್ಣನಿಗೆ ಅದೊಂದೇ..."

"ಅವರಿಗಲ್ಲ ಕ್ಯಾಸ್ಮಿರ್. ನನಗೆ. ನಾನು ಮತ್ತೆ ಎರಡನೇದು ಹಾಕಿಬಿಡ್ತೇನೆ."

ಫೋನ್ ಇಟ್ಟ ಮೇಲೆ ಅವಳು ಸ್ವಲ್ಪ ಹೊತ್ತು ಕಾರಿಡಾರಿನಲ್ಲೇ ನಿಂತಳು. ಕಿಟಕಿಯಾಚೆ ಬಿಸಿಲು ಪಾರ್ಕಿಂಗಿನ ಕಾರುಗಳ ಮೇಲೆ ಕುದಿಯುತ್ತಿತ್ತು. ಇನ್ನು ಮುಂದಿನ ಶುಕ್ರವಾರಗಳೆಲ್ಲ ಉಳಿದ ದಿನಗಳ ಹಾಗೆಯೇ.

ಒಳಗೆ ಬಂದು ಕುರ್ಚಿ ಎಳೆದು ಕೂತಳು. ದೇಜಪ್ಪ ಸೂರನ್ನು ನೋಡುತ್ತಿದ್ದ. ನರ್ಸು ಬಂದು ಅವನ ಉಸಿರು ಎಣಿಸಿ, ಬರೆದುಕೊಂಡು ಹೋದಳು. ಹದಿನಾಲ್ಕು. ಕುಸುಮ ತಾನೂ ಒಮ್ಮೆ ಎಣಿಸಿದಳು. ಇಷ್ಟು ವರ್ಷ ಅವನ ಹತ್ತಿರ ಅವಳು ಏನನ್ನು ಹೇಳಿಕೊಂಡಿದ್ದಳು? ಬರೀ ಪ್ರಶ್ನೆಗಳು. ಚಾ ಬೇಕಾ, ಉಪ್ಪು ಸಾಕಾ, ಮತ್ತೆ, ಮುಂದೆ. ತನ್ನದೊಂದು ಕಥೆಯನ್ನು ಕೂತು ಹೇಳಿದ ನೆನಪೇ ಇರಲಿಲ್ಲ.

"ನಾನು ಮದುವೆಗೆ ಮುಂಚೆ ಬೀಡಿ ಬ್ರಾಂಚಿನಲ್ಲಿ ಒಂದು ದಿನ ಜಗಳ ಮಾಡಿದ್ದೆ," ಎಂದು ಶುರು ಮಾಡಿದಳು. "ನನ್ನ ಕಟ್ಟು ಕಳಪೆ ಅಂತ ಎಸೆದುಬಿಟ್ಟ ಅವನು. ಹಿಂದಿನ ರಾತ್ರಿ ಚಿಮಿಣಿ ದೀಪದಲ್ಲಿ ಕೂತು ಕಟ್ಟಿದ್ದು. ಹೊಟ್ಟೆ ಉರಿದು ಹೋಯ್ತು. ಎಲ್ಲಿಂದ ಧೈರ್ಯ ಬಂತೋ. ಎಲ್ಲರೂ ನಗ್ತಿದ್ರು. ಮನೆಗೆ ಹೋಗಿ ನಾನು ಅತ್ತದ್ದು ಯಾರಿಗೂ ಗೊತ್ತಿಲ್ಲ."

ದೇಜಪ್ಪ ಸೂರಿನಿಂದ ಕಣ್ಣು ತೆಗೆಯಲಿಲ್ಲ. ಪಕ್ಕದ ಮಂಚದ ಪರದೆ ಸರಿದ ಸದ್ದಾಯಿತು.

"ಸೋಮವಾರ ಇರ್ಬೇಕು ಅದು," ಅಂದಳು. "ಸೋಮವಾರವೇ ಜನ ಜಾಸ್ತಿ ಇದ್ದದ್ದು."

ಅವನು ತುಂಬ ಹೊತ್ತು ಸುಮ್ಮನಿದ್ದ. ಆ ಮೌನ ಕುಸುಮಳಿಗೆ ಪರಿಚಯದ್ದು, ಏಳು ವಾರಕ್ಕೆ ಮುಂಚಿನದ್ದು. ಅವಳು ಅದರೊಳಗೆ ಕೈಕಟ್ಟಿ ಕೂತಳು.

"ಅಲ್ಲ, ಶನಿವಾರ," ಅಂದ ದೇಜಪ್ಪ.

ಅಷ್ಟೇ. ಅವಳು ಮತ್ತೆ ಎಂದು ಕೇಳಲಿಲ್ಲ. ಹೊದಿಕೆಯ ಹೊರಗಿದ್ದ ಅವನ ಕೈ ಅವಳ ಕುರ್ಚಿಯ ಕಡೆಗೆ ಸ್ವಲ್ಪ ಸರಿದು ಅಲ್ಲೇ ನಿಂತಿತು. ಕುಸುಮ ಬ್ರಾಂಚಿನವನ ಮೇಜಿನ ಮೇಲೆ ಕಟ್ಟು ಬಿಚ್ಚಿದಲ್ಲಿಂದ ಕಥೆ ಮುಂದುವರಿಸಿದಳು.